ಮೇದೋಜೀರಕದ ಉರಿಯೂತ: ಬಿಳಿ ರಕ್ತಕಣಗಳ ಜಾಡು ಹಿಡಿದು ರಿಪೋರ್ಟ್ ಓದುವುದು ಹೇಗೆ?

ಮೇಲ್ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ನೋವು, ಬಿಡದ ವಾಂತಿ. ಜೊತೆಗೆ ರಕ್ತದಲ್ಲಿ ಲೈಪೇಸ್ (ಕೊಬ್ಬು ಜೀರ್ಣಿಸಲು ಮೇದೋಜೀರಕ ಸುರಿಸುವ ಕಿಣ್ವ) ಮಾಮೂಲಿ ಮಿತಿಯ ಮೂರು ಪಟ್ಟಿಗೂ ಹೆಚ್ಚಿದ್ದರೆ ಅದು ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕದ ದಿಢೀರ್ ಉರಿಯೂತ. ಲೈಪೇಸಿನ ಕೆಲಸ ಅಲ್ಲಿಗೆ ಮುಗಿಯಿತು. ಅದನ್ನು ದಿನಾ ಮಾಡಿಸಿದರೆ ಬಿಲ್ ಬೆಳೆಯುತ್ತದೆ, ಕಾಯಿಲೆಯ ತೀವ್ರತೆ ತಿಳಿಯುವುದಿಲ್ಲ. ತೀವ್ರತೆಯಲ್ಲಿ ದೊಡ್ಡ ಪಾತ್ರ ಬಿಳಿ ರಕ್ತಕಣಗಳದ್ದು.

ಮೊದಲು ಗಂಟೆ ಬರೆದಿಟ್ಟುಕೊಳ್ಳಿ. ಆಸ್ಪತ್ರೆಗೆ ಸೇರಿದ ಹೊತ್ತಲ್ಲ, ನೋವು ಶುರುವಾದ ಹೊತ್ತು. ಪಿತ್ತದ ಕಲ್ಲು ಅಡ್ಡ ಕೂತೋ, ಮದ್ಯದಿಂದಲೋ, ಕರುಳಿಗೆ ಇಳಿದ ಮೇಲೆ ಚುರುಕಾಗಬೇಕಿದ್ದ ಟ್ರಿಪ್ಸಿನ್ ಎಂಬ ಜೀರ್ಣಕ ಕಿಣ್ವ ಗ್ರಂಥಿಯ ಜೀವಕೋಶದೊಳಗೇ ಚುರುಕಾಗುತ್ತದೆ. ಜೀವಕೋಶ ಒಡೆದು ಒಳಗಿನ ಸರಕೆಲ್ಲ ಹೊರಚೆಲ್ಲುತ್ತದೆ. ಅಲ್ಲೇ ಬೀಡುಬಿಟ್ಟಿರುವ ಮ್ಯಾಕ್ರೋಫೇಜ್ ಎಂಬ ಕಾವಲು ಬಿಳಿ ಕಣಗಳು ಅದನ್ನು ಅಪಾಯದ ಸೂಚನೆಯೆಂದು ಓದಿ ಕರೆ ಕಳಿಸುತ್ತವೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಮುತ್ತುತ್ತವೆ. ಅವು ತಮ್ಮದೇ ಡಿಎನ್‌ಎ ಎಳೆಗಳನ್ನು ಬಲೆಯಂತೆ ಉಗುಳುತ್ತವೆ. ಸೂಕ್ಷ್ಮಜೀವಿ ಹಿಡಿಯಲು ಇರುವ ಬಲೆ ಅದು. ಇಲ್ಲಿ ಸೂಕ್ಷ್ಮಜೀವಿಯೇ ಇಲ್ಲ. ಬಲೆ ಹೋಗಿ ಗ್ರಂಥಿಯ ಸಣ್ಣ ರಸನಾಳಗಳನ್ನು ಕಟ್ಟಿಸುತ್ತದೆ, ರಸ ಹಿಂದಕ್ಕೆ ನಿಲ್ಲುತ್ತದೆ, ಹಾನಿ ಇಮ್ಮಡಿಸುತ್ತದೆ.

ಹಾಗಾಗಿ ಮೊದಲ ದಿನ ಬಿಳಿ ರಕ್ತಕಣಗಳ ಕೌಂಟ್ 16,000 ಬಂದಿತೆಂದು ‘ಪವರ್‌ಫುಲ್ ಆಂಟಿಬಯೋಟಿಕ್ ಹಾಕಿ’ ಎಂದು ವೈದ್ಯರ ಬೆನ್ನು ಹತ್ತಬೇಡಿ. ಅದು ಸೋಂಕಿಲ್ಲದೆಯೂ ಏರುವ ಕೌಂಟ್. ಸೋಂಕಿನ ಗುರುತಿಲ್ಲದೆ ಮುನ್ನೆಚ್ಚರಿಕೆಗೆಂದು ಕೊಟ್ಟ ಆಂಟಿಬಯೋಟಿಕ್‌ನಿಂದ ಲಾಭವಿಲ್ಲ.

ಇನ್ನು ನಾಲ್ಕು ಅಂಕಿ ನೋಡಿ: ಮೈ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ಮೀರಿದೆಯೇ ಅಥವಾ 36ಕ್ಕಿಂತ ಕೆಳಗಿದೆಯೇ, ನಾಡಿ 90 ದಾಟಿದೆಯೇ, ಉಸಿರು ನಿಮಿಷಕ್ಕೆ 20 ದಾಟಿದೆಯೇ, ಕೌಂಟ್ 12,000ಕ್ಕಿಂತ ಹೆಚ್ಚೋ 4,000ಕ್ಕಿಂತ ಕಡಿಮೆಯೋ. ಎರಡು ಹೌದಾದರೆ ಉರಿಯೂತ ಮೈಗೆಲ್ಲ ಹರಡಿದೆ ಎಂದರ್ಥ. ನ್ಯೂಟ್ರೋಫಿಲ್‌ಗಳು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಿಗೂ ನುಗ್ಗುತ್ತವೆ. ಹೊಟ್ಟೆನೋವಿನವರಿಗೆ ಆಮ್ಲಜನಕ ಹಾಕುವುದು ಇದಕ್ಕೇ. ಶ್ವಾಸಕೋಶ, ಮೂತ್ರಪಿಂಡ ಅಥವಾ ರಕ್ತಪರಿಚಲನೆಯ ವೈಫಲ್ಯ 48 ಗಂಟೆ ಮೀರಿ ನಿಂತರೆ ಮಾತ್ರ ‘ತೀವ್ರ’ ಎನ್ನುತ್ತಾರೆ.

ಸಿಆರ್‌ಪಿಯನ್ನು (ಉರಿಯೂತದಲ್ಲಿ ರಕ್ತದಲ್ಲಿ ಏರುವ ಪ್ರೋಟೀನ್) ನೋವು ಶುರುವಾದ 48 ಗಂಟೆಗೆ ನೋಡಿ. ಬಿಳಿ ಕಣಗಳು ಕಳಿಸುವ ಐಎಲ್-6 ಎಂಬ ಸಂದೇಶ ಸಿಕ್ಕ ಮೇಲೆ ಯಕೃತ್ತು ಅದನ್ನು ತಯಾರಿಸುವುದು, ಆದ್ದರಿಂದ ತಡ. ಮೊದಲ ದಿನದ ಸಣ್ಣ ಅಂಕಿ ನಂಬಿ ನಿರಾಳವಾಗುವುದು ಮಾಮೂಲಿ ತಪ್ಪು. ಲೀಟರಿಗೆ 150 ಮಿಲಿಗ್ರಾಂ ದಾಟಿದರೆ ಎಚ್ಚರ.

ಉರಿಯೂತದಲ್ಲಿ ರಕ್ತನಾಳ ಸೋರುವುದರಿಂದ ಡ್ರಿಪ್ ಬೇಕೇ ಬೇಕು. ಆದರೆ ಸೋರುವ ನಾಳಕ್ಕೆ ಸುರಿದಷ್ಟೂ ಒಳ್ಳೆಯದೆಂಬ ಹಳೆಯ ನಂಬಿಕೆ, ಭಾರತದ ಆಸ್ಪತ್ರೆಗಳೂ ಸೇರಿದ್ದ 2022ರ ‘ವಾಟರ್‌ಫಾಲ್’ ಪ್ರಯೋಗದಲ್ಲಿ ಬಿದ್ದುಹೋಯಿತು: ಧಾರಾಳವಾಗಿ ಕೊಟ್ಟವರಲ್ಲಿ ಶೇ 20.5 ಮಂದಿಗೆ ದೇಹದಲ್ಲಿ ನೀರು ತುಂಬಿಕೊಂಡಿತು, ಮಿತವಾಗಿ ಕೊಟ್ಟವರಲ್ಲಿ ಶೇ 6.3. ಮಿತ ಎಂದರೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ಡ್ರಿಪ್ ಗಂಟೆಗೆ ಕಿಲೋ ತೂಕಕ್ಕೆ 1.5 ಮಿಲಿ, 60 ಕಿಲೋದವರಿಗೆ 90 ಮಿಲಿ. ನೀರಿನಂಶ ಇಳಿದಿದ್ದರೆ ಮೊದಲಿಗೆ ಕಿಲೋಗೆ 10 ಮಿಲಿ.

ಉಪವಾಸವೂ ಹಳೆಯ ಮಾತು. ವಾಂತಿ ನಿಂತು ಹಸಿವಾದರೆ ಮೊದಲ 24 ಗಂಟೆಯಲ್ಲೇ, ವೈದ್ಯರನ್ನು ಕೇಳಿ, ತುಪ್ಪ ಹಾಕದ ಗಂಜಿ ಕೊಡಬಹುದು. ಖಾಲಿ ಕರುಳಿನ ಗೋಡೆ ಸಡಿಲವಾಗಿ ಅಲ್ಲಿನ ಬ್ಯಾಕ್ಟೀರಿಯಾ ಆಚೆ ದಾಟುತ್ತವೆ.

ಹೆಚ್ಚಿನವರು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ಸತ್ತ ಕಣಗಳನ್ನು ಮ್ಯಾಕ್ರೋಫೇಜ್‌ಗಳೇ ನುಂಗಿ ಚೊಕ್ಕ ಮಾಡುತ್ತವೆ. ಗ್ರಂಥಿಯ ಭಾಗ ಸತ್ತಿದ್ದರೆ ಲೆಕ್ಕ ಬೇರೆ. ಎರಡನೇ ವಾರದ ಹೊತ್ತಿಗೆ ರೋಗನಿರೋಧಕ ಶಕ್ತಿ ಸೋತಿರುತ್ತದೆ, ಕರುಳಿನ ಬ್ಯಾಕ್ಟೀರಿಯಾಕ್ಕೆ ಸತ್ತ ಭಾಗ ಸಿಗುತ್ತದೆ. ಇಳಿದಿದ್ದ ಜ್ವರ ಮತ್ತೆ ಏರಿ, ಸಿಟಿ ಸ್ಕ್ಯಾನ್‌ನಲ್ಲಿ ಆ ಜಾಗದಲ್ಲಿ ಗಾಳಿಗುಳ್ಳೆ ಕಂಡರೆ ಈಗ ಆಂಟಿಬಯೋಟಿಕ್ ಬೇಕು. ಕೀವು ತೆಗೆಯಲು ಸಾಧ್ಯವಾದರೆ ನಾಲ್ಕು ವಾರ ಕಾಯುತ್ತಾರೆ, ಸುತ್ತ ಗಟ್ಟಿ ಗೋಡೆ ಕಟ್ಟಿಕೊಳ್ಳಲೆಂದು.