ಕೋಲೆತ್ತದೆ ಮಂದೆ ದಾಟಿಸುವುದು: ನನ್ನ ಅನುಭವ

ದನ ಹೊಡೆಯುವಾಗ ಕೂಗಾಟ ಜಾಸ್ತಿ ಆದಷ್ಟೂ ಕೆಲಸ ತಡ. ಮಂದೆಯನ್ನು ಒಂದು ಹುಲ್ಲುಗಾವಲಿನಿಂದ ಇನ್ನೊಂದಕ್ಕೆ ದಾಟಿಸುವಾಗ ನಾನು ಕೋಲೆತ್ತುವುದೇ ಇಲ್ಲ. ಎಲ್ಲಿ ನಿಲ್ಲುತ್ತೇನೆ ಅನ್ನುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಕಣ್ಣುಗಳು ತಲೆಯ ಅಕ್ಕಪಕ್ಕ ಇರುವುದರಿಂದ ದನಕ್ಕೆ 300 ಡಿಗ್ರಿಗೂ ಹೆಚ್ಚು ಕಾಣುತ್ತದೆ. ಕಾಣದೇ ಇರುವುದು ಬಾಲದ ನೇರ ಹಿಂದಿನ ಜಾಗ. ಅಲ್ಲಿ ನಿಂತರೆ ನಾವು ಎಲ್ಲಿ ಹೋದೆವು ಅಂತ ಅದು ತಿರುಗಿ ನೋಡುತ್ತದೆ, ನಡಿಗೆ ನಿಲ್ಲುತ್ತದೆ. ಹಾಗಾಗಿ ನಾನು ಒಂದು ಮಗ್ಗುಲಿಗೆ ಓರೆಯಾಗಿ ಬರುತ್ತೇನೆ. ಹೆಗಲಿನ ಹಿಂದುಗಡೆಯಿಂದ ಹತ್ತಿರ ಹೋದರೆ ಹಸು ಮುಂದಕ್ಕೆ ಹೆಜ್ಜೆ ಇಡುತ್ತದೆ. ಹೆಗಲು ದಾಟಿ ಮುಂದೆ ಹೋದರೆ ನಿಲ್ಲುತ್ತದೆ, ಇಲ್ಲವೇ ತಿರುಗುತ್ತದೆ. ಅದು ನಡೆಯಲು ಶುರು ಮಾಡಿದ ಕೂಡಲೇ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ನಡೆದರೂ ಬೆನ್ನು ಬಿಡದಿದ್ದರೆ ಅದು ಯಾಕೆ ನಡೆಯಬೇಕು, ಅಲ್ವಾ?

ಗೇಟಿನ ಹತ್ತಿರ ಆತುರ ಬೇಡ. ನೆಲದ ಮೇಲೆ ಕಂಬಿಗಳ ನೆರಳು ಬಿದ್ದಿದ್ದರೆ ಮುಂದಿನ ಹಸು ತಲೆ ತಗ್ಗಿಸಿ, ಮೂಸಿ, ಗಕ್ಕನೆ ನಿಂತುಬಿಡುತ್ತದೆ. ಅದು ಗುಂಡಿಯಲ್ಲ ಅಂತ ಅದಕ್ಕೇ ಗೊತ್ತಾಗಬೇಕು. ಸುಮ್ನೆ ಕಾಯುತ್ತೇನೆ. ಅದೊಂದು ದಾಟಿದರೆ ಉಳಿದವು ತಾವಾಗಿ ಸಾಲು ಹಿಡಿಯುತ್ತವೆ.

ಆ ಸಾಲು ಹೋಗುವಾಗಲೇ ನನ್ನ ತಪಾಸಣೆಯೂ ನಡೆಯುತ್ತದೆ. ಕುಂಟುವುದು ಯಾವುದು, ಕಿವಿ ಜೋತುಬಿದ್ದದ್ದು ಯಾವುದು, ಸಗಣಿ ನೀರಾಗಿದೆಯಾ ಅಂತ ನೋಡುತ್ತೇನೆ. ಎಲ್ಲಕ್ಕಿಂತ ಮುಖ್ಯ ಎಡಪಕ್ಕೆಯ ಹಿಂದಿನ ಗುಳಿ. ಅದು ತೀರಾ ಒಳಗೆ ಹೋಗಿದ್ದರೆ ಹಸು ಸರಿಯಾಗಿ ಮೇದಿಲ್ಲ. ಡೋಲಿನಂತೆ ಬಿಗಿದಿದ್ದರೆ ಹೊಟ್ಟೆಯುಬ್ಬರ. ಆಗ ತಡ ಮಾಡುವ ಹಾಗೇ ಇಲ್ಲ, ತಕ್ಷಣ ಪಶುವೈದ್ಯರಿಗೆ ಫೋನ್. ಎಳೆಯ ಕುದುರೆಮಸಾಲೆ (ಲೂಸರ್ನ್ ಅನ್ನುವ ಮೇವು) ಸೊಪ್ಪಿಗೆ ಹಸಿದ ದನ ಬಿಟ್ಟರೆ ಈ ಕಾಟ ಜಾಸ್ತಿ. ಅಂಥ ಕಡೆ ಮೊದಲು ಒಣಹುಲ್ಲು ತಿನ್ನಿಸಿ, ಇಬ್ಬನಿ ಆರಿದ ಮೇಲಷ್ಟೇ ಬಿಡುತ್ತೇನೆ.

ಹೊಸ ಜಾಗದಲ್ಲಿ ನೀರಿನ ತೊಟ್ಟಿಯ ಫ್ಲೋಟನ್ನು (ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ತೇಲುಗುಂಡನ್ನು) ಕೈಯಿಂದಲೇ ಒತ್ತಿ, ನೀರು ಬರುತ್ತಿದೆಯಾ ಅಂತ ನೋಡುತ್ತೇನೆ. ಬಿಸಿಲುಗಾಲದಲ್ಲಿ ಹಾಲು ಕೊಡುವ ದೊಡ್ಡ ಹಸು ದಿನಕ್ಕೆ 60 ಲೀಟರಿಗೂ ಹೆಚ್ಚು ಕುಡಿಯುತ್ತದೆ.

ತಾಯಿ ಕರು ಜೋಡಿಯಾಗುವವರೆಗೆ ನಾನು ಅಲ್ಲಿಂದ ಕದಲುವುದಿಲ್ಲ. ಗದ್ದಲದಲ್ಲಿ ತಾಯಿ ತಪ್ಪಿದ ಕರು ಕೊನೆಯ ಸಲ ಹಾಲು ಕುಡಿದ ಜಾಗಕ್ಕೇ ವಾಪಸ್ ಓಡುತ್ತದೆ. ತಾಯಿಯೂ ಬೇಲಿ ನುಗ್ಗಿ ಅಲ್ಲಿಗೇ ಹೊರಡುತ್ತದೆ. ಹೊಸ ಜಾಗದಲ್ಲೇ ಪ್ರತಿ ಕರು ಕೆಚ್ಚಲಿಗೆ ಬಾಯಿ ಹಾಕಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಗೇಟಿಗೆ ಚಿಲಕ.