ಕೇಬಲ್ ಕಂಪನಿ ಹೆಸರು ಬದಲಾಯಿಸಿದಾಗ ಅಮೆರಿಕದ ಕನ್ನಡಿಗರು ನೋಡಬೇಕಾದದ್ದು

ಫೀನಿಕ್ಸ್, ಸ್ಯಾನ್ ಡಿಯೇಗೊ, ಲಾಸ್ ವೇಗಸ್, ಉತ್ತರ ವರ್ಜೀನಿಯಾ ಕಡೆ ಇರುವ ಕನ್ನಡಿಗರಲ್ಲಿ ಎಷ್ಟೋ ಜನರ ಮನೆಗೆ ಇಂಟರ್ನೆಟ್ ಬರುವುದು ಕಾಕ್ಸ್ ಕಂಪನಿಯಿಂದ. ಆ ಕಾಕ್ಸ್ ಮತ್ತು ಚಾರ್ಟರ್ ಕಂಪನಿ ಒಂದಾಗುತ್ತವೆ ಅನ್ನುವ ಸುದ್ದಿ 2025ರ ಮೇ 16ರಂದು ಹೊರಬಿತ್ತು. 34.5 ಬಿಲಿಯನ್ ಡಾಲರಿನ ವ್ಯವಹಾರ. ಇದರಲ್ಲಿ ಹೆಸರಿನ ಲೆಕ್ಕವೇ ಸ್ವಲ್ಪ ತಮಾಷೆಯಾಗಿದೆ. ಒಂದಾದ ಮೇಲೆ ವರ್ಷದೊಳಗೆ ಇಡೀ ಕಂಪನಿಗೆ ಕಾಕ್ಸ್ ಕಮ್ಯುನಿಕೇಷನ್ಸ್ ಅಂತ ಹೆಸರಿಡುವುದು, ಗ್ರಾಹಕರಿಗೆ ಮಾತ್ರ ಚಾರ್ಟರ್‌ನ ಸ್ಪೆಕ್ಟ್ರಮ್ ಬ್ರ್ಯಾಂಡನ್ನೇ ತೋರಿಸುವುದು, ಅಂತ ಮಾತಾಯಿತು. ಅಂದರೆ ಕೊಳ್ಳುವ ಚಾರ್ಟರ್‌ನವರು ಕಾಕ್ಸ್ ಹೆಸರು ಇಟ್ಟುಕೊಳ್ಳುತ್ತಾರೆ, ಕಾಕ್ಸ್ ಗ್ರಾಹಕರ ಬಿಲ್ ಮೇಲೆ ಮಾತ್ರ ಸ್ಪೆಕ್ಟ್ರಮ್!

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ನಾವೇನಾದ್ರೂ ಮಾಡ್ಬೇಕಾ? ಹೆಸರು ಬದಲಾಗುವುದಕ್ಕೆ ನೀವು ಏನೂ ಮಾಡಬೇಕಿಲ್ಲ. ನಿಮ್ಮ ರಸ್ತೆಯ ಅಡಿಯಲ್ಲಿರುವ ತಂತಿ ಅದೇ, ಮನೆಯ ಮೋಡೆಮ್ ಅದೇ. ಆದರೆ ಹೆಸರು ಬದಲಾಗುವ ಗಲಾಟೆಯಲ್ಲಿ ನಿಮ್ಮ ಪ್ಲಾನ್ ಬದಲಾಗಬಹುದು. ಕಣ್ಣಿಡಬೇಕಾದದ್ದು ಅಲ್ಲಿ.

ಮೊದಲು ಈ ಎರಡೆರಡು ಹೆಸರಿನ ವಿಷಯ. ಇಲ್ಲಿನ ಕೇಬಲ್ ಕಂಪನಿಗಳಿಗೆ ಷೇರುಪೇಟೆಗೊಂದು ಹೆಸರು, ಮನೆಬಾಗಿಲಿಗೊಂದು ಹೆಸರು ಇರುವುದು ಮಾಮೂಲು. ಕಾಮ್‌ಕಾಸ್ಟ್ 2010ರ ಫೆಬ್ರವರಿಯಲ್ಲಿ ಎಕ್ಸ್‌ಫಿನಿಟಿ ಅನ್ನುವ ಬ್ರ್ಯಾಂಡ್ ತಂದಿತು. ವ್ಯಾನಿನ ಮೇಲೆ ಎಕ್ಸ್‌ಫಿನಿಟಿ, ಫಿಲಡೆಲ್ಫಿಯಾದ ಹೆಡ್ ಆಫೀಸಿನ ಮೇಲೆ ಇವತ್ತಿಗೂ ಕಾಮ್‌ಕಾಸ್ಟ್. ಹಳೇ ಹೆಸರು ಬೈಗುಳ ತಿಂದು ತಿಂದು ಸವೆದುಹೋಗಿದೆ, ಅದಕ್ಕೇ ಹೊಸದು ಅಂತ ಆಗ ಜನ ಆಡಿಕೊಂಡಿದ್ದರು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬ್ರ್ಯಾಂಡಿನ ಬದಲು ಮೂಲ ಕಂಪನಿಯ ಹೆಸರು ಕಂಡರೆ ಯಾರೋ ಕಾರ್ಡ್ ಕದ್ದರು ಅಂತ ಗಾಬರಿ ಬೀಳಬೇಡಿ, ಮೊದಲು ಬಿಲ್ಲಿನ ಮೊತ್ತಕ್ಕೆ ಹೊಂದುತ್ತದಾ ನೋಡಿ.

ಡಲ್ಲಾಸ್, ಆಸ್ಟಿನ್, ಶಾರ್ಲಟ್, ರಾಲಿ ಕಡೆ ಹತ್ತು ಹದಿನೈದು ವರ್ಷದಿಂದ ಇರುವವರಿಗೆ ಟೈಮ್ ವಾರ್ನರ್ ಕೇಬಲ್ ನೆನಪಿರುತ್ತದೆ. ಅದನ್ನು ಕೊಳ್ಳಲು ಮೊದಲು ಕಾಮ್‌ಕಾಸ್ಟೇ ಹೊರಟಿತ್ತು. ಸರ್ಕಾರ ಒಪ್ಪುವ ಲಕ್ಷಣ ಕಾಣದೆ 2015ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. 2016ರ ಮೇನಲ್ಲಿ ಚಾರ್ಟರ್ ಅದನ್ನೂ ಫ್ಲಾರಿಡಾದ ಬ್ರೈಟ್ ಹೌಸ್ ಅನ್ನೂ ಕೊಂಡು, ಎರಡಕ್ಕೂ ಸ್ಪೆಕ್ಟ್ರಮ್ ಅಂತ ಹೆಸರಿಟ್ಟಿತು. ಹಾಗೆಯೇ 2022ರ ಆಗಸ್ಟ್‌ನಲ್ಲಿ ಸಡನ್‌ಲಿಂಕ್ ಅನ್ನುವ ಇನ್ನೊಂದು ಕೇಬಲ್ ಹೆಸರು ಹೋಗಿ ಆಪ್ಟಿಮಮ್ ಆಯಿತು.

ಊರಿನಲ್ಲಿ ನಮಗೆ ಕೇಬಲ್ ಅಂದರೆ ಕಂಪನಿಯಲ್ಲ, ಕೇಬಲ್‌ನವನು. ತಿಂಗಳಿಗೊಮ್ಮೆ ಬಂದು ದುಡ್ಡು ಇಸ್ಕೊಂಡು ಹೋಗುತ್ತಿದ್ದ. ಮೇಲಿನ ಕಂಪನಿ ಯಾವುದಾದರೇನು, ಜಗಳ ಆಡುವುದಕ್ಕೆ ಅವನೊಬ್ಬ ಇದ್ದ. ಇಲ್ಲಿ ಆ ನಡುವಿನ ಮನುಷ್ಯ ಇಲ್ಲ. ಅವನ ಜಾಗದಲ್ಲಿ ಇರುವುದು ಫ್ರಾಂಚೈಸ್ ಅನ್ನುವ ವ್ಯವಸ್ಥೆ. ಊರಿನ ರಸ್ತೆ ಅಗೆದು ತಂತಿ ಎಳೆಯಲು ಕಂಪನಿ ಆ ಊರಿನಿಂದಲೋ ರಾಜ್ಯದಿಂದಲೋ ಅನುಮತಿ ಪಡೆಯಬೇಕು. 1984ರ ಕೇಬಲ್ ಕಾಯ್ದೆಯ ಪ್ರಕಾರ, ಕೇಬಲ್ ಟಿವಿಯಿಂದ ಬರುವ ಆದಾಯದಲ್ಲಿ ಹೆಚ್ಚೆಂದರೆ ಶೇ. 5ರಷ್ಟನ್ನು ಊರು ಫ್ರಾಂಚೈಸ್ ಶುಲ್ಕವಾಗಿ ಕೇಳಬಹುದು. ಕಂಪನಿ ಅದನ್ನು ನಿಮ್ಮ ಬಿಲ್ಲಿಗೇ ಸೇರಿಸುತ್ತದೆ, ಬಿಡಿ. ಒಂದೂರಿಗೆ ಒಬ್ಬರೇ ಅಂತ ಬರೆದುಕೊಡುವುದನ್ನು 1992ರ ಕಾಯ್ದೆ ನಿಲ್ಲಿಸಿತು. ಆದರೂ ಬಹಳ ಬೀದಿಗಳಲ್ಲಿ ಕೇಬಲ್ ಕಂಪನಿ ಒಂದೇ ಇರುತ್ತದೆ. ಎರಡನೆಯವರು ಮತ್ತೆ ಅದೇ ಬೀದಿ ಅಗೆದು ಕೋಟಿಗಟ್ಟಲೆ ಸುರಿಯಲು ಮನಸ್ಸು ಮಾಡಬೇಕಲ್ವಾ?

ಹಾಗಾಗಿ ಹೆಸರು ಬದಲಾಯಿತು, ಬೇರೆ ಕಂಪನಿಗೆ ಹೋಗೋಣ ಅಂದುಕೊಂಡರೆ ಹೋಗಲು ಜಾಗ ಇದೆಯಾ ಅಂತ ಮೊದಲು ನೋಡಿ. ಎಫ್‌ಸಿಸಿ, ಅಂದರೆ ಇಲ್ಲಿನ ಫೋನ್, ಟಿವಿ, ಇಂಟರ್ನೆಟ್ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ. ಅದರ ಬ್ರಾಡ್‌ಬ್ಯಾಂಡ್ ಮ್ಯಾಪ್ ತೆರೆದು ವಿಳಾಸ ಹಾಕಿದರೆ ನಿಮ್ಮ ಮನೆಗೆ ಯಾರು ಯಾರು ಸೇವೆ ಕೊಡುತ್ತೇವೆ ಅಂತ ಹೇಳಿಕೊಂಡಿದ್ದಾರೆ ಅನ್ನುವುದು ಕಾಣುತ್ತದೆ. ಫೈಬರ್ ಇದ್ದರೆ ಅದೃಷ್ಟ. ಅಪಾರ್ಟ್‌ಮೆಂಟಿನ ಲೀಸಿಂಗ್ ಆಫೀಸಿನವರು "ಇಲ್ಲಿ ಇವರದ್ದೇ ತಗೋಬೇಕು" ಅಂದರೆ ಹಾಗೇ ನಂಬಿಬಿಡಬೇಡಿ. ಕಟ್ಟಡಕ್ಕೆ ಬೇರೆ ಕೇಬಲ್ ಕಂಪನಿ ಬರಲೇಬಾರದು ಅನ್ನುವ ಒಪ್ಪಂದಗಳನ್ನು ಎಫ್‌ಸಿಸಿ 2007ರಲ್ಲೇ ತಡೆದಿದೆ. ಆದರೆ ಒಂದೇ ಕಂಪನಿಯ ಜಾಹೀರಾತು ಹಂಚಲು, ಇಂಟರ್ನೆಟ್ ಖರ್ಚನ್ನು ಬಾಡಿಗೆಯ ಜೊತೆ ಸೇರಿಸಲು ಅವಕಾಶ ಇದೆ. ತಡೆದದ್ದಕ್ಕೂ ಬಿಟ್ಟದ್ದಕ್ಕೂ ವ್ಯತ್ಯಾಸ ಇದೆ, ಆಫೀಸಿನವರು ಮಾತ್ರ ಎರಡನ್ನೂ ಬೆರೆಸಿಯೇ ಹೇಳುತ್ತಾರೆ.

ಈಗ ಪ್ಲಾನ್ ವಿಷಯ. ಟೈಮ್ ವಾರ್ನರ್ ಸ್ಪೆಕ್ಟ್ರಮ್ ಆದಾಗ ಹಳೇ ಗ್ರಾಹಕರ ಪ್ಲಾನ್ ಒಂದೇ ದಿನಕ್ಕೆ ಬದಲಾಗಲಿಲ್ಲ. ಹಳೆಯದು ಹಳೆಯ ಬೆಲೆಗೇ ನಡೆಯುತ್ತಿತ್ತು. ಆಫರ್ ಅವಧಿ ಮುಗಿದಾಗ, ಅಥವಾ ಗ್ರಾಹಕರೇ ಏನೋ ಒಂದು ಬದಲಾಯಿಸಲು ಫೋನ್ ಮಾಡಿದಾಗ, ಹೊಸ ದರಪಟ್ಟಿಗೆ ಬರಬೇಕಾಗುತ್ತಿತ್ತು. ಹೀಗೆ ಉಳಿದುಕೊಂಡ ಪ್ಲಾನಿಗೆ ಇಲ್ಲಿ ಲೆಗಸಿ ಪ್ಲಾನ್ ಅನ್ನುತ್ತಾರೆ. ಒಂದು ಚಾನೆಲ್ ತೆಗೆಸೋಣ ಅಂತ ಸುಮ್ನೆ ಒಂದು ಫೋನ್ ಮಾಡಿದರೂ ಲೆಗಸಿ ಪ್ಲಾನ್ ಕೈತಪ್ಪಬಹುದು, ಆಮೇಲೆ ವಾಪಸ್ ಸಿಗುವುದು ಕಷ್ಟ. ಆದ್ದರಿಂದ ಫೋನಿನಲ್ಲಿ ಮೊದಲ ಮಾತು ಇದಾಗಿರಲಿ: "ಈ ಬದಲಾವಣೆ ಮಾಡಿದರೆ ನನ್ನ ಈಗಿನ ಪ್ಲಾನ್ ಉಳಿಯುತ್ತಾ?" ಉತ್ತರ ಬರುವವರೆಗೆ ಬೇರೆ ಯಾವುದಕ್ಕೂ ಹ್ಞೂಂ ಅನ್ನಬೇಡಿ.

ಹಾಗಂತ ಹಳೆಯದೇ ಯಾವಾಗಲೂ ಲಾಭ ಅಂತಲ್ಲ. ಕಾಮ್‌ಕಾಸ್ಟ್ ಗ್ರಾಹಕರಲ್ಲಿ ಬಹಳ ಜನರಿಗೆ ತಿಂಗಳಿಗೆ 1.2 ಟೆರಾಬೈಟ್ ಮಿತಿ ಇತ್ತು. 2025ರ ಜೂನ್‌ನಲ್ಲಿ ಬಂದ ಅವರ ಹೊಸ ಪ್ಲಾನ್‌ಗಳಲ್ಲಿ ಮಿತಿ ಇಲ್ಲ. ಆದರೆ ಹಳೇ ಪ್ಲಾನಿನಲ್ಲಿದ್ದವರಿಗೆ ಅದು ತಾನಾಗಿ ಸಿಗಲಿಲ್ಲ, ಕೇಳಿ ಬದಲಾಯಿಸಿಕೊಳ್ಳಬೇಕಿತ್ತು. ಕಾಕ್ಸ್‌ನಲ್ಲಿ ಡೇಟಾ ಮಿತಿ ಇತ್ತು, ಸ್ಪೆಕ್ಟ್ರಮ್‌ನಲ್ಲಿ ಇರಲಿಲ್ಲ. ಮನೆಯಲ್ಲಿ ಇಬ್ಬರು ವರ್ಕ್ ಫ್ರಂ ಹೋಮ್, ಊರಿನಿಂದ ಆರು ತಿಂಗಳಿಗೆ ಬಂದ ಅಪ್ಪ ಅಮ್ಮ ಬೆಳಗಿನಿಂದ ರಾತ್ರಿವರೆಗೆ ಸೀರಿಯಲ್ ಸ್ಟ್ರೀಮ್ ಮಾಡುತ್ತಾರೆ ಅಂದರೆ ಈ ಮಿತಿ ಸಣ್ಣ ವಿಷಯವಲ್ಲ.

ಹೊಸ ಪ್ಲಾನ್ ಅಳೆಯಲು ಒಂದು ಒಳ್ಳೆಯ ಸಾಧನ ಇದೆ, ನಮ್ಮವರು ಅದನ್ನು ಬಳಸುವುದು ಕಡಿಮೆ. ದೊಡ್ಡ ಕಂಪನಿಗಳು 2024ರ ಏಪ್ರಿಲ್ 10ರಿಂದ ಪ್ರತಿ ಇಂಟರ್ನೆಟ್ ಪ್ಲಾನಿನ ಜೊತೆ ಒಂದು ಲೇಬಲ್ ತೋರಿಸಬೇಕು ಅಂತ ಎಫ್‌ಸಿಸಿ ನಿಯಮ ಮಾಡಿತು. ಬಿಸ್ಕೆಟ್ ಪೊಟ್ಟಣದ ಹಿಂದಿನ ಪೌಷ್ಟಿಕಾಂಶದ ಪಟ್ಟಿಯಂತೆಯೇ ಇರುತ್ತದೆ. ತಿಂಗಳ ಬೆಲೆ, ಅದು ಆಫರ್ ಬೆಲೆಯಾದರೆ ಎಷ್ಟು ತಿಂಗಳು, ಆಮೇಲೆ ಎಷ್ಟು, ಮೋಡೆಮ್ ಬಾಡಿಗೆಯಂಥ ಇತರ ಶುಲ್ಕಗಳು, ಡೌನ್‌ಲೋಡ್ ಮತ್ತು ಅಪ್‌ಲೋಡ್ ವೇಗ, ಡೇಟಾ ಮಿತಿ, ಎಲ್ಲ ಅದರಲ್ಲೇ. ಅಪ್‌ಲೋಡ್ ವೇಗದ ಸಾಲನ್ನು ಬಿಡಬೇಡಿ. ಡೌನ್‌ಲೋಡ್ 500 ಅಂತ ದಪ್ಪಕ್ಷರದಲ್ಲಿ ಕೂಗುವ ಕೇಬಲ್ ಪ್ಲಾನಿನಲ್ಲಿ ಅಪ್‌ಲೋಡ್ ಅದರ ಒಂದು ಸಣ್ಣ ಪಾಲಿರಬಹುದು, ವಿಡಿಯೊ ಮೀಟಿಂಗ್ ಒದ್ದಾಡುವುದು ಅಲ್ಲೇ. ಮಾರಾಟದಲ್ಲಿ ಇಲ್ಲದ ಲೆಗಸಿ ಪ್ಲಾನಿಗೆ ಲೇಬಲ್ ಸಿಗಲಿಕ್ಕಿಲ್ಲ. ಅದಕ್ಕೇ ಹೆಸರು ಬದಲಾಗುವ ಮುಂಚಿನ ಎರಡು ಮೂರು ಬಿಲ್ಲನ್ನು ಪಿಡಿಎಫ್ ಮಾಡಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹಳೇ ವೆಬ್‌ಸೈಟ್ ಮುಚ್ಚಿದ ಮೇಲೆ ಹಳೇ ಬಿಲ್ ಹುಡುಕುವುದು ತಲೆನೋವು.

ಆ ಬಿಲ್ಲನ್ನು ಒಮ್ಮೆ ಸಾಲುಸಾಲಾಗಿ ಓದಿ. ಟಿವಿ ಇದ್ದರೆ ಬ್ರಾಡ್‌ಕಾಸ್ಟ್ ಟಿವಿ ಅಂತ ಒಂದು ಸಾಲು ಕಾಣುತ್ತದೆ. ಇದು ಸರ್ಕಾರದ ತೆರಿಗೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್‌ನಂಥ ಸ್ಥಳೀಯ ಚಾನೆಲ್‌ಗಳು ತಮ್ಮನ್ನು ತೋರಿಸಲು ಕೇಬಲ್ ಕಂಪನಿಯಿಂದ ದುಡ್ಡು ಕೇಳಬಹುದು ಅಂತ 1992ರ ಕಾಯ್ದೆ ಹೇಳಿತು. ಕಂಪನಿ ಆ ದುಡ್ಡನ್ನು ಬೇರೆ ಸಾಲಾಗಿ ನಿಮ್ಮಿಂದ ವಸೂಲಿ ಮಾಡುತ್ತದೆ. ಅದೇ ಚಾನೆಲ್‌ಗಳು ಕಿಟಕಿ ಪಕ್ಕ ಒಂದು ಆಂಟೆನಾ ಇಟ್ಟರೆ ಪುಕ್ಕಟೆ ಬರುತ್ತವೆ. ಬರೀ ಇಂಟರ್ನೆಟ್ ಇದ್ದರೆ ಇನ್ನೊಂದು ಸಾಲು ನೋಡಿ: ಇಂಟರ್ನೆಟ್ ಸಂಪರ್ಕದ ಮೇಲೆ ರಾಜ್ಯಗಳು ತೆರಿಗೆ ಹಾಕುವಂತಿಲ್ಲ. ಟೆಕ್ಸಸ್‌ನಂಥ ಕೆಲವು ರಾಜ್ಯಗಳಿಗೆ ಇದ್ದ ವಿನಾಯಿತಿಯೂ 2020ರ ಜೂನ್ 30ಕ್ಕೆ ಮುಗಿಯಿತು. ಮೋಡೆಮ್ ಬಾಡಿಗೆಯ ಮೇಲೆ ತೆರಿಗೆ ಇರಬಹುದು, ಸಂಪರ್ಕದ ಮೇಲೆ ಕಂಡರೆ ಕೇಳಿ. ಮೋಡೆಮ್ ನಿಮ್ಮದೇ ಆಗಿದ್ದರೆ ಬಾಡಿಗೆ ಸಾಲೇ ಇರಬಾರದು. ನೀವೇ ಕೊಂಡ ಉಪಕರಣಕ್ಕೆ ಬಾಡಿಗೆ ಹಾಕುವುದನ್ನು 2020ರ ಡಿಸೆಂಬರ್‌ನಿಂದ ಕಾನೂನೇ ತಡೆದಿದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಗುವ ತಿಂಗಳಲ್ಲಿ ಇಂಥ ಸಾಲುಗಳು ತಾವಾಗಿ ಹುಟ್ಟಿಕೊಳ್ಳುವುದು ಉಂಟು.

ಆಟೊಪೇ ಇದ್ದವರು ಹೊಸ ಹೆಸರಿನ ಮೊದಲ ಬಿಲ್ ನಿಜವಾಗಿ ಕಟ್ ಆಯಿತಾ ಅಂತ ನೋಡಿ. ಅಕೌಂಟ್ ನಂಬರ್ ಬದಲಾದರೆ ಬ್ಯಾಂಕಿನ ಬಿಲ್‌ಪೇನಲ್ಲಿ ನೀವೇ ತಿದ್ದಬೇಕು. ಹಾಗೆಯೇ ಅಕೌಂಟ್ ಗಂಡನ ಹೆಸರಲ್ಲಿ, ಫೋನ್ ಮಾಡುವುದು ಹೆಂಡತಿ ಅಂದರೆ ಆ ಕಡೆಯವರು ಮಾತೇ ಆಡುವುದಿಲ್ಲ. ಇಬ್ಬರ ಹೆಸರೂ ಅಕೌಂಟಿನಲ್ಲಿ ಇರಲಿ, ಇನಿಶಿಯಲ್ ಬಿಡಿಸಿ ಬರೆದ ಪೂರ್ತಿ ಹೆಸರು ಐಡಿಯಲ್ಲಿ ಇದ್ದಂತೆಯೇ ಇರಲಿ.

ಇನ್ನು ಇಮೇಲ್. ಹಳಬರಲ್ಲಿ ಕೆಲವರು ಇಂದಿಗೂ ಕೇಬಲ್ ಕಂಪನಿ ಕೊಟ್ಟ ಇಮೇಲ್ ವಿಳಾಸವನ್ನೇ ಬಳಸುತ್ತಾರೆ. ಟೈಮ್ ವಾರ್ನರ್ ಕಾಲದ ರೋಡ್ ರನ್ನರ್ ವಿಳಾಸ, ಕಾಕ್ಸ್ ವಿಳಾಸ, ಹೀಗೆ. ಕಾಕ್ಸ್ 2024ರಲ್ಲೇ ತನ್ನ ಇಮೇಲ್ ಅನ್ನು ಯಾಹೂಗೆ ಒಪ್ಪಿಸಿತು. ಇಲ್ಲಿನ ಗೆಳೆಯರ ಪತ್ರ ತಪ್ಪಿದರೆ ಪರವಾಗಿಲ್ಲ. ಆದರೆ ಊರಿನ ಎನ್‌ಆರ್‌ಇ ಖಾತೆ, ಇನ್‌ಕಮ್ ಟ್ಯಾಕ್ಸ್ ಪೋರ್ಟಲ್, ಮ್ಯೂಚುವಲ್ ಫಂಡ್ ಇವಕ್ಕೆಲ್ಲ ಆ ವಿಳಾಸವನ್ನೇ ಕೊಟ್ಟಿದ್ದರೆ, ಒಂದು ದಿನ ಒಟಿಪಿ ಬರುವುದಿಲ್ಲ. ಅದನ್ನು ಸರಿಮಾಡಿಸಲು ಬ್ರಾಂಚಿಗೇ ಬನ್ನಿ ಅಂದರೆ ಬಸವನಗುಡಿಗೆ ಫ್ಲೈಟ್ ಹತ್ತಬೇಕಾ? ಹಳೇ ವಿಳಾಸ ನಡೆಯುತ್ತಿರುವಾಗಲೇ ಒಂದೊಂದಾಗಿ ಜಿಮೇಲ್‌ಗೋ ಮತ್ತೊಂದಕ್ಕೋ ಬದಲಾಯಿಸಿಬಿಡಿ. ಹೊಸ ವಿಳಾಸ ದೃಢಪಡಿಸುವ ಸಂದೇಶ ಎಷ್ಟೋ ಸಲ ಹಳೆಯದಕ್ಕೇ ಬರುತ್ತದೆ.

ಕೆಲವರು ಈ ನೆಪದಲ್ಲಿ ಟಿವಿಯನ್ನೇ ತೆಗೆಸಿ ಇಂಟರ್ನೆಟ್ ಮಾತ್ರ ಇಟ್ಟುಕೊಳ್ಳುತ್ತಾರೆ. ಒಳ್ಳೆಯದೇ. ಕನ್ನಡ ಚಾನೆಲ್‌ಗಳು ಸ್ಟ್ರೀಮಿಂಗ್‌ನಲ್ಲಿ ಸಿಗುವಾಗ ಕೇಬಲ್ ಪೆಟ್ಟಿಗೆ ಯಾಕೆ? ಆದರೆ ಪೆಟ್ಟಿಗೆ ವಾಪಸ್ ಕೊಡುವಾಗ ಹುಷಾರು. ದೊಡ್ಡ ಕಂಪನಿಗಳ ಪೆಟ್ಟಿಗೆ, ಮೋಡೆಮ್‌ಗಳನ್ನು ಯುಪಿಎಸ್ ಸ್ಟೋರ್‌ನಲ್ಲಿ ಕೊಡಬಹುದು, ರಟ್ಟಿನ ಡಬ್ಬ ಹುಡುಕುವ ಕೆಲಸ ಇಲ್ಲ. ಕೌಂಟರಿನವರು ಪೆಟ್ಟಿಗೆಯ ತಳದ ಬಾರ್‌ಕೋಡ್ ಸ್ಕ್ಯಾನ್ ಮಾಡಿ ರಸೀದಿ ಕೊಡುತ್ತಾರೆ. ಅಲ್ಲೇ ನಿಂತು ರಸೀದಿಯ ಸೀರಿಯಲ್ ನಂಬರನ್ನು ಪೆಟ್ಟಿಗೆಯದಕ್ಕೆ ತಾಳೆ ನೋಡಿ, ಫೋಟೊ ತೆಗೆದುಕೊಳ್ಳಿ. ಎರಡು ಪೆಟ್ಟಿಗೆ ಕೊಟ್ಟಿದ್ದರೆ ಎರಡು ನಂಬರೂ ಇರಬೇಕು. ಥರ್ಮಲ್ ಕಾಗದದ ಆ ರಸೀದಿ ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ, ವಾಪಸ್ ಬಂದಿಲ್ಲ ಅನ್ನುವ ಬಿಲ್ ಮಾತ್ರ ಅದಾದ ಮೇಲೂ ಬರಬಹುದು. ಕಟ್ಟದೇ ಬಿಟ್ಟರೆ ಕಲೆಕ್ಷನ್ ಏಜೆನ್ಸಿಗೆ ಹೋಗಿ ಕ್ರೆಡಿಟ್ ಸ್ಕೋರ್ ಕೆಡುತ್ತದೆ.

ಹೆಸರು ಬದಲಾಗುವ ಕಾಲ ಮೋಸಗಾರರಿಗೆ ಸುಗ್ಗಿ. "ನಿಮ್ಮ ಅಕೌಂಟ್ ಹೊಸ ಕಂಪನಿಗೆ ಹೋಗ್ತಿದೆ, ಈಗಲೇ ಕೆಲವು ತಿಂಗಳ ದುಡ್ಡು ಮುಂಗಡ ಕಟ್ಟಿದರೆ ಅರ್ಧ ಬೆಲೆ" ಅಂತ ಫೋನ್ ಬರುತ್ತದೆ. ಕಟ್ಟುವುದು ಗಿಫ್ಟ್ ಕಾರ್ಡಿನಲ್ಲಿ ಅಂತಾರೆ. ಗಿಫ್ಟ್ ಕಾರ್ಡ್ ಅಂದ ಕೂಡಲೇ ಫೋನ್ ಇಡಿ. ಯಾವ ಕೇಬಲ್ ಕಂಪನಿಯೂ ಹಾಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಹಗಲು ಒಬ್ಬರೇ ಇರುವ ಅಪ್ಪ ಅಮ್ಮನಿಗೂ ಇದನ್ನು ಹೇಳಿಡಿ.

ಹಳೇ ಹೆಸರಿನಲ್ಲಿ ಕೊಟ್ಟ ಮಾತು ಹೊಸ ಹೆಸರಿನವರಿಗೆ ತಗಲುವುದಿಲ್ಲ ಅಂತ ಫೋನಿನಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2017ರ ಫೆಬ್ರವರಿಯಲ್ಲಿ ಚಾರ್ಟರ್ ಮೇಲೆ ಕೇಸ್ ಹಾಕಿದರು. ಟೈಮ್ ವಾರ್ನರ್ ಹೆಸರಿನಲ್ಲಿ ಮಾರಿದ ಇಂಟರ್ನೆಟ್ ವೇಗ ಮನೆಗಳಿಗೆ ತಲುಪುತ್ತಲೇ ಇರಲಿಲ್ಲ ಅನ್ನುವುದು ಆರೋಪ. 2018ರ ಡಿಸೆಂಬರ್‌ನಲ್ಲಿ 174.2 ಮಿಲಿಯನ್ ಡಾಲರಿಗೆ ರಾಜಿಯಾಯಿತು. ಅದರಲ್ಲಿ 62.5 ಮಿಲಿಯನ್ ಡಾಲರ್ ಏಳು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ನೇರವಾಗಿ ವಾಪಸ್ ಬಂತು, ತಲೆಗೆ 75 ಅಥವಾ 150 ಡಾಲರ್.

ಕಸ್ಟಮರ್ ಕೇರ್‌ನಲ್ಲಿ ಕೆಲಸ ಆಗದಿದ್ದರೆ ಕೋರ್ಟಿಗೆ ಹೋಗಬೇಕಿಲ್ಲ. ಎಫ್‌ಸಿಸಿ ವೆಬ್‌ಸೈಟಿನಲ್ಲಿ ಇನ್‌ಫಾರ್ಮಲ್ ಕಂಪ್ಲೇಂಟ್ ಅಂತ ಒಂದು ಫಾರ್ಮ್ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ. ವೀಸಾದ ಮೇಲೆ ಇದ್ದೇವೆ ಅಂತ ಹಿಂಜರಿಯುವುದೂ ಬೇಡ. ಹಳೇ ಬಿಲ್, ಹೊಸ ಬಿಲ್, ಯಾವ ದಿನ ಯಾರು ಏನು ಹೇಳಿದರು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಹಾಕಿ. ಎಫ್‌ಸಿಸಿ ಅದನ್ನು ಕಂಪನಿಗೆ ಕಳಿಸಿದ ಮೇಲೆ 30 ದಿನದೊಳಗೆ ಅವರು ಉತ್ತರ ಕೊಡಬೇಕು. ಈ ದೂರುಗಳನ್ನು ನೋಡುವವರು ಮಾಮೂಲಿ ಕಾಲ್ ಸೆಂಟರಿನವರಲ್ಲ, ಸಾಮಾನ್ಯವಾಗಿ ಕಂಪನಿಯ ಮೇಲಿನ ತಂಡದವರು. ಅವರು ಕರೆ ಮಾಡಿದಾಗ ಒಪ್ಪಿಕೊಂಡದ್ದನ್ನು ಇಮೇಲ್‌ನಲ್ಲಿ ಬರೆದು ಕಳಿಸಲು ಹೇಳಿ, ಮುಂದಿನ ತಿಂಗಳ ಬಿಲ್ಲಿನಲ್ಲಿ ಅದು ಬಂದಿದೆಯಾ ನೋಡಿ.