ಮೊದಲು ಮೂಗು, ಆಮೇಲೆ ಬಾಲ, ಕೊನೆಗೆ ಬಣ್ಣ: ಉಡದ ಪ್ರಭೇದವನ್ನು ಗುರುತಿಸುವುದು ಹೇಗೆ?

ಭಾರತದಲ್ಲಿ ಮುಖ್ಯವಾಗಿ ನಾಲ್ಕು ಪ್ರಭೇದದ ಉಡಗಳಿವೆ: ಬಂಗಾಳ ಉಡ, ನೀರು ಉಡ, ಹಳದಿ ಉಡ ಮತ್ತು ಮರುಭೂಮಿಯ ಉಡ. ಕರ್ನಾಟಕದ ಹೊಲದ ಬದು, ಕುರುಚಲು ಗುಡ್ಡ, ಕೆರೆ ಏರಿ, ಮಲೆನಾಡಿನ ತೋಟ ಎಲ್ಲೆಡೆಯೂ ಕಾಣಸಿಗುವುದು ಬಂಗಾಳ ಉಡ ಒಂದೇ. ಆದರೂ ಕೆರೆಗೆ ಇಳಿದ ದೊಡ್ಡ ಉಡವನ್ನು ‘ನೀರು ಉಡ’ವೆಂದೂ, ಚುಕ್ಕೆಗಳಿರುವ ಮರಿಯನ್ನು ‘ಹಳದಿ ಉಡ’ವೆಂದೂ ಹೆಸರಿಸಿದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇರುತ್ತವೆ. ಈ ಗೊಂದಲಕ್ಕೆ ಮುಖ್ಯ ಕಾರಣ, ನೋಡುವವರು ಮೈಬಣ್ಣ ಮತ್ತು ಗಾತ್ರದಿಂದ ಆರಂಭಿಸುವುದು. ಇವೆರಡೂ ವಯಸ್ಸಿಗೆ ತಕ್ಕಂತೆ ಬದಲಾಗುತ್ತವೆ; ಬಣ್ಣವಂತೂ ಮೈಗೆ ಮೆತ್ತಿದ ಕೆಸರಿನಿಂದ ಹಿಡಿದು ಪೊರೆ ಕಳಚುವ ಹಂತದವರೆಗೆ ಹಲವು ಕಾರಣಗಳಿಂದ ಬೇರೆಯಾಗಿ ಕಾಣಬಹುದು. ಮೂಗಿನ ಹೊಳ್ಳೆ ಮತ್ತು ಬಾಲದ ಆಕಾರ ಹಾಗೆ ಮೋಸ ಮಾಡುವುದಿಲ್ಲ.

ಮೊದಲು, ಕಂಡದ್ದು ಉಡವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಉಡಕ್ಕೆ ಉದ್ದನೆಯ ಕತ್ತು, ಬಲವಾದ ಕಾಲುಗುರುಗಳು, ದೇಹಕ್ಕಿಂತ ಉದ್ದವಾದ ಬಾಲ ಮತ್ತು ಹಾವಿನಂತೆ ಪದೇ ಪದೇ ಹೊರಚಾಚುವ ಸೀಳು ನಾಲಗೆ ಇರುತ್ತವೆ. ಹಾವುರಾಣಿಯ ಮೈ ನುಣುಪಾಗಿ ಹೊಳೆಯುತ್ತದೆ. ಉಡದ ಮೈಮೇಲಿನ ಸಣ್ಣ ಹುರುಪೆಗಳಿಗೆ ಆ ಹೊಳಪಿಲ್ಲ. ಕಾವೇರಿ, ಕಾಳಿ, ಕೃಷ್ಣಾ ನದಿಗಳ ದಂಡೆಯಲ್ಲಿ ಮೊಸಳೆಯ ಮರಿಯನ್ನು ಉಡವೆಂದು ಭಾವಿಸುವ ಸಾಧ್ಯತೆಯೂ ಇದೆ. ಮೊಸಳೆಗೆ ಸೀಳು ನಾಲಗೆ ಇಲ್ಲ. ಅದರ ಬಾಲದ ಮೇಲೆ ಎದ್ದು ನಿಂತ ಎರಡು ಸಾಲು ಏಣುಗಳು ತುದಿಯ ಕಡೆಗೆ ಒಂದಾಗಿ ಸೇರುತ್ತವೆ, ಮತ್ತು ಅದರ ಮೂಗು ಮೂತಿಯ ತುತ್ತತುದಿಯಲ್ಲಿ ಮೇಲ್ಮುಖವಾಗಿರುತ್ತದೆ.

ಎರಡನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದುದು. ತಲೆಯನ್ನು ಪಕ್ಕದಿಂದ ನೋಡಿ, ಮೂಗಿನ ಹೊಳ್ಳೆ ಯಾವ ಆಕಾರದಲ್ಲಿದೆ, ಕಣ್ಣು ಮತ್ತು ಮೂತಿಯ ತುದಿಯ ನಡುವೆ ಎಲ್ಲಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಹೊಳ್ಳೆ ದುಂಡಗೆ ಅಥವಾ ಅಂಡಾಕಾರವಾಗಿದ್ದು ಮೂತಿಯ ತುದಿಗೆ ಸಮೀಪವಿದ್ದರೆ ಅದು ನೀರು ಉಡ, ಅಂದರೆ ವಾರನಸ್ ಸಾಲ್ವೇಟರ್. ಹೆಚ್ಚು ಹೊತ್ತು ಈಜುವ ಪ್ರಾಣಿಗೆ ಮೂತಿಯ ತುದಿಯಷ್ಟನ್ನೇ ನೀರಿನಿಂದ ಹೊರಗಿಟ್ಟು ಉಸಿರಾಡಲು ಇದು ಅನುಕೂಲವೆಂದು ಊಹಿಸಬಹುದು. ಉಳಿದ ಮೂರರಲ್ಲಿಯೂ ಹೊಳ್ಳೆ ಓರೆಯಾದ ಸೀಳಿನಂತಿರುತ್ತದೆ. ವ್ಯತ್ಯಾಸವಿರುವುದು ಅದರ ಜಾಗದಲ್ಲಿ. ಬಂಗಾಳ ಉಡದಲ್ಲಿ, ಅಂದರೆ ವಾರನಸ್ ಬೆಂಗಾಲೆನ್ಸಿಸ್‌ನಲ್ಲಿ, ಆ ಸೀಳು ಹೆಚ್ಚುಕಡಿಮೆ ನಡುವಿನಲ್ಲಿದ್ದು ಕಣ್ಣಿನ ಕಡೆಗೆ ತುಸು ಸರಿದಿರುತ್ತದೆ. ಮರುಭೂಮಿಯ ಉಡದಲ್ಲಿ (ವಾರನಸ್ ಗ್ರಿಸಿಯಸ್) ಅದು ಕಣ್ಣಿಗೆ ತೀರಾ ಹತ್ತಿರವಿರುತ್ತದೆ. ಹಳದಿ ಉಡದಲ್ಲಿ (ವಾರನಸ್ ಫ್ಲೇವೆಸೆನ್ಸ್) ಮೂತಿಯೇ ಗಿಡ್ಡವಾಗಿ, ಉಬ್ಬಿದಂತಿದ್ದು, ಸೀಳು ಕಣ್ಣಿಗಿಂತ ಮೂತಿಯ ತುದಿಗೆ ಸ್ವಲ್ಪ ಸಮೀಪದಲ್ಲಿರುತ್ತದೆ. ಒಳ್ಳೆಯ ಪಾರ್ಶ್ವಚಿತ್ರ ಒಂದಿದ್ದರೆ ಬಹುತೇಕ ಪ್ರಕರಣಗಳು ಇಲ್ಲಿಯೇ ಇತ್ಯರ್ಥವಾಗುತ್ತವೆ.

ಮೂಗು ಸ್ಪಷ್ಟವಾಗಿ ಕಾಣದಿದ್ದಾಗ ಬಾಲವನ್ನು ನೋಡಬೇಕು. ಬಂಗಾಳ ಉಡ, ನೀರು ಉಡ, ಹಳದಿ ಉಡ ಈ ಮೂರರ ಬಾಲವೂ ಎರಡೂ ಪಕ್ಕದಿಂದ ಅದುಮಿದಂತೆ ಚಪ್ಪಟೆಯಾಗಿದ್ದು, ಮೇಲಂಚಿನಲ್ಲಿ ತಗ್ಗಾದ ಜೋಡಿ ಹಲ್ಲಿನಂಥ ಏಣನ್ನು ಹೊಂದಿರುತ್ತದೆ. ಮರುಭೂಮಿಯ ಉಡದ ಬಾಲ ಮಾತ್ರ ಉರುಟಾಗಿದ್ದು, ಮೇಲ್ಭಾಗದಲ್ಲಿ ಏಣಿರುವುದಿಲ್ಲ. ರಾಜಸ್ಥಾನ ಅಥವಾ ಕಛ್ ಪ್ರವಾಸದಲ್ಲಿ ಉಡ ಕಂಡವರಿಗೆ ಈ ಒಂದು ಗುರುತು ಸಾಕು. ಅಲ್ಲಿ ಅದರ ಜೊತೆಗೆ ಬಂಗಾಳ ಉಡವೂ ಇರುವುದರಿಂದ ಊರಿನ ಹೆಸರನ್ನು ನೋಡಿ ತೀರ್ಮಾನಿಸಲಾಗದು.

ಬಣ್ಣದ ಸರದಿ ಇನ್ನು ಬರುತ್ತದೆ, ಅದೂ ಪೋಷಕ ಸಾಕ್ಷ್ಯವಾಗಿ ಮಾತ್ರ. ಬೆಳೆದ ಬಂಗಾಳ ಉಡ ಬೂದು ಮಿಶ್ರಿತ ಕಂದು ಅಥವಾ ಮಂಕು ಹಸಿರು ಬಣ್ಣದ್ದಾಗಿದ್ದು, ಅದರ ಮೇಲೆ ಕಪ್ಪು ಚುಕ್ಕೆಗಳು ಚದುರಿರುತ್ತವೆ. ಅದರ ಮರಿ ಹೆಚ್ಚು ಕಡುಬಣ್ಣದ್ದು; ಬೆನ್ನಿನ ಮೇಲೆ ಹಳದಿ ಚುಕ್ಕೆಗಳು ಅಡ್ಡಸಾಲಾಗಿ ಮೂಡಿರುತ್ತವೆ, ಗಂಟಲಿನಲ್ಲಿ ಕಪ್ಪು ಪಟ್ಟೆಗಳಿರುತ್ತವೆ, ವಯಸ್ಸಾದಂತೆ ಇವೆಲ್ಲ ಮಾಸುತ್ತವೆ. ಉತ್ತರ ಭಾರತದಲ್ಲಿ ‘ಬಿಸ್ಕೋಬ್ರಾ’ ಎಂಬ ಭಯಂಕರ ವಿಷಜಂತುವೆಂದು ತಿಳಿದು ಜನರು ಕೊಲ್ಲುವುದು ಹೆಚ್ಚಾಗಿ ಇಂಥ ಮರಿಗಳನ್ನೇ. ನೀರು ಉಡದ ಮರಿಯ ಕಪ್ಪು ಮೈಮೇಲೂ ಹಳದಿ ಚುಕ್ಕೆಗಳು ಅಡ್ಡಸಾಲಿನಲ್ಲಿ ಇರುವುದರಿಂದ, ಬಣ್ಣವನ್ನಷ್ಟೇ ನೆಚ್ಚಿದವರು ಎರಡನ್ನೂ ಒಂದೇ ಎನ್ನುವುದು ಸಹಜ. ಹಳದಿ ಉಡದ ಹಳದಿ, ಕೆಂಗಂದು ಛಾಯೆಗಳು ಮಳೆಗಾಲದಲ್ಲಿ ಹೆಚ್ಚು ಎದ್ದು ಕಾಣುತ್ತವೆ; ಬೇರೆ ಕಾಲದಲ್ಲಿ ಅದರ ಗಿಡ್ಡ ಕಾಲ್ಬೆರಳುಗಳು ಹೆಚ್ಚು ನಂಬಲರ್ಹ. ಮರುಭೂಮಿಯ ಉಡ ಮರಳಿನ ಬಣ್ಣದ್ದು, ಬೆನ್ನಿನಲ್ಲಿ ಮತ್ತು ಬಾಲದಲ್ಲಿ ಅಡ್ಡಪಟ್ಟೆಗಳಿರುತ್ತವೆ.

ಗಾತ್ರದಿಂದ ಒಂದು ಪ್ರಭೇದವನ್ನು ಪಟ್ಟಿಯಿಂದ ಹೊರಗಿಡಬಹುದೇ ಹೊರತು ಖಚಿತಪಡಿಸಲಾಗದು. ಬಂಗಾಳ ಉಡ ಬಾಲವೂ ಸೇರಿ ಸುಮಾರು 175 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ನೀರು ಉಡ ಎರಡು ಮೀಟರನ್ನು ದಾಟಬಲ್ಲದು. ಹಳದಿ ಉಡ ಸಾಮಾನ್ಯವಾಗಿ ಒಂದು ಮೀಟರಿಗಿಂತ ಚಿಕ್ಕದು. ಒಂದು ಅಡಿಯ ಮರಿ ಮಾತ್ರ ನಾಲ್ಕರಲ್ಲಿ ಯಾವುದಾದರೂ ಆಗಿರಬಹುದು.

ಲಕ್ಷಣಗಳಿಂದ ತಲುಪಿದ ತೀರ್ಮಾನವನ್ನು ನೆಲೆಯೊಂದಿಗೆ ತಾಳೆ ನೋಡುವುದು ಮುಂದಿನ ಹೆಜ್ಜೆ. ನೀರು ಉಡದ ನೆಲೆಗಳು ಸುಂದರಬನ, ಒಡಿಶಾದ ಭಿತರ್‌ಕನಿಕಾ, ಈಶಾನ್ಯ ರಾಜ್ಯಗಳು ಹಾಗೂ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು. ಹಳದಿ ಉಡ ಸಿಂಧೂ, ಗಂಗಾ, ಬ್ರಹ್ಮಪುತ್ರಾ ನದಿಗಳ ಬಯಲಿನ ಜವುಗು ನೆಲ ಮತ್ತು ಗದ್ದೆಗಳದ್ದು. ಬಂಗಾಳ ಉಡ ಹೆಸರಿಗಷ್ಟೇ ಬಂಗಾಳದ್ದು, ದೇಶದ ಬಹುಭಾಗದಲ್ಲಿ ಅದಿದೆ. ಬಂಗಾಳ ಉಡವನ್ನೂ ನೀರು ಉಡವನ್ನೂ ಹೋಲಿಸಿ ಕಲಿಯಬಯಸುವವರಿಗೆ ಶ್ರೀಲಂಕಾ ಸೂಕ್ತ ಸ್ಥಳ: ಅಲ್ಲಿನವರು ಮೊದಲನೆಯದನ್ನು ತಲಗೊಯಾ, ಎರಡನೆಯದನ್ನು ಕಬರಗೊಯಾ ಎಂದು ಬೇರೆ ಬೇರೆಯಾಗಿಯೇ ಕರೆಯುತ್ತಾರೆ.

ತಲೆಯಾಗಲಿ ಬಾಲವಾಗಲಿ ಇಲ್ಲದೆ ಬರಿಯ ಚರ್ಮ ಸಿಕ್ಕಾಗ ಕೆಲಸ ಕಷ್ಟ. ಖಂಜಿರದ ಮುಚ್ಚಳಿಕೆಗೆ ಉಡದ ಚರ್ಮವನ್ನೇ ಬಳಸುತ್ತಿದ್ದ ಕಾಲವಿತ್ತು. ಅಂಥ ಹಳೆಯ ವಾದ್ಯಗಳು ಈಗಲೂ ಕೆಲವರ ಮನೆಗಳಲ್ಲಿರಬಹುದು. ತಜ್ಞರು ಇಂಥಲ್ಲಿ ಹೊಟ್ಟೆಯ ಭಾಗದ ಹುರುಪೆಗಳ ಅಡ್ಡಸಾಲುಗಳನ್ನು ಎಣಿಸುತ್ತಾರೆ: ಬಂಗಾಳ ಉಡದಲ್ಲಿ ಇವು ಸುಮಾರು 90ರಿಂದ 110, ಹಳದಿ ಉಡದಲ್ಲಿ ಸುಮಾರು 65ರಿಂದ 75. ಆದರೆ ಕತ್ತರಿಸಿದ ಚರ್ಮದಲ್ಲಿ ಪೂರ್ತಿ ಸಾಲುಗಳು ಉಳಿದಿರಬೇಕಲ್ಲ! ‘ಹತ್ಥಾ ಜೋಡಿ’ ಎಂಬ ಅದೃಷ್ಟದ ಬೇರೆಂದು ಮಾರುವ ವಸ್ತುವಂತೂ ಬೇರೇ ಅಲ್ಲ, ಒಣಗಿಸಿದ ಗಂಡು ಉಡದ ಜನನಾಂಗ; ಅದು ಯಾವ ಪ್ರಭೇದದ್ದೆಂದು ಹೇಳುವುದು ಪ್ರಯೋಗಾಲಯದ ಕೆಲಸ.

ಹೊರಗೆ ಉಡ ಕಂಡಾಗ ಮೂರು ಚಿತ್ರಗಳನ್ನು ತೆಗೆದುಕೊಂಡರೆ ಸಾಕಾಗುತ್ತದೆ: ಕಣ್ಣು ಮತ್ತು ಮೂತಿ ಎರಡೂ ಬರುವಂತೆ ತಲೆಯ ಪಾರ್ಶ್ವನೋಟ, ಬುಡದಿಂದ ಬಾಲ, ಮೇಲಿನಿಂದ ಬೆನ್ನು. ಬೆಳಗಿನ ಹೊತ್ತು ಅದು ಬಿಸಿಲು ಕಾಯಿಸಿಕೊಳ್ಳುತ್ತ ಅಲುಗಾಡದೆ ಮಲಗಿರುವುದರಿಂದ ದೂರದಿಂದಲೇ ಜೂಮ್ ಮಾಡಿ ತೆಗೆಯಲು ಅವಕಾಶ ಹೆಚ್ಚು. ಹಿಡಿದು ನೋಡುವ ಯೋಚನೆ ಬೇಡ: ನಾಲ್ಕೂ ಪ್ರಭೇದಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟದಲ್ಲಿವೆ, ಮತ್ತು ಮೂಲೆಗೆ ಸಿಕ್ಕ ಉಡ ಬಾಲದಿಂದ ಬಾರಿಸುತ್ತದೆ, ಪರಚುತ್ತದೆ, ಕಚ್ಚುತ್ತದೆ. ಮನೆಯೊಳಗೆ ಅಥವಾ ಕೊಟ್ಟಿಗೆಯೊಳಗೆ ಬಂದಿದ್ದರೆ ಹೊರಹೋಗುವ ದಾರಿಯನ್ನು ತೆರೆದಿಟ್ಟು, ನಾಯಿಯನ್ನು ಕಟ್ಟಿ, ಅರಣ್ಯ ಇಲಾಖೆಗೆ ಕರೆಮಾಡಬೇಕು.